ಅಜ್ಜಿ ಹೇಳಿದ ಐಡಮ್ಮನ ಕಥೆ

ಐಡಾ ಸ್ಕಡರ್ ಎಂಬ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಬಾಣಂತಿ ಕೋಣೆಯಲ್ಲಿ. ಚಿಕ್ಕಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಂಗಾರಪೇಟೆ ಹತ್ತಿರದ ಹಳ್ಳಿ ನಮ್ಮದು. ರಾತ್ರಿ ಹೊತ್ತು ಮದರಾಸಿನ ಕಡೆ ಹೋಗುವ ರೈಲಿನ ಕೂಗು ಮನೆಯೊಳಗೆ ಕೇಳಿಸುತ್ತಿತ್ತು. ಮಾಗಿಯ ಚಳಿ. ಮಂಚದ ಪಕ್ಕ ಅಗ್ಗಿಷ್ಟಿಕೆ, ಕಿಟಕಿಗೆ ಹಳೆಯ ಕಂಬಳಿ, ಬಾಗಿಲಿಗೆ ಬೇವಿನ ಸೊಪ್ಪು. ಮಕ್ಕಳು ಒಳಗೆ ಬರಕೂಡದು ಎಂಬ ಕಟ್ಟಳೆ ಇದ್ದರೂ, ಅಜ್ಜಿ ಕೆಂಡ ಕೆದಕಲು ಕೂತಾಗ ನಾನು ಅವಳ ಬೆನ್ನ ಹಿಂದೆ ಸೇರಿಕೊಳ್ಳುತ್ತಿದ್ದೆ. ಮಗು ಹಾಲು ಕುಡಿದು ಮಲಗಿದ ಮೇಲೆ, ನಿದ್ದೆ ಬಾರದ ಚಿಕ್ಕಮ್ಮನಿಗಾಗಿ ಅಜ್ಜಿ ಕಥೆ ತೆಗೆಯುತ್ತಿದ್ದಳು. ರಾಜಕುಮಾರಿಯರ ಕಥೆ ಅವಳಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಅವಳು ಹೇಳುತ್ತಿದ್ದದ್ದೆಲ್ಲ ಹೆರಿಗೆಯ ಕಥೆಗಳೇ.

ಅಜ್ಜಿ ಸುತ್ತಿನ ಹಳ್ಳಿಗಳಿಗೆಲ್ಲ ಸೂಲಗಿತ್ತಿ. ಅಕ್ಷರ ಬಾರದು. ಸರ್ಕಾರದವರು ತರಬೇತಿ ಕೊಟ್ಟು ಕೈಗಿತ್ತ ಅಲ್ಯೂಮಿನಿಯಂ ಪೆಟ್ಟಿಗೆಯೊಂದು ದೇವರ ಗೂಡಿನ ಪಕ್ಕದಲ್ಲೇ ಇರುತ್ತಿತ್ತು. ಅದರೊಳಗೆ ಕತ್ತರಿ, ದಾರ, ಮಡಿಚಿಟ್ಟ ಬಿಳಿ ಬಟ್ಟೆ, ಒಂದು ಸೋಪು. ಬೇನೆ ಶುರುವಾದ ಮನೆಯಿಂದ ಗಾಡಿ ಬಂತೆಂದರೆ ಉಣ್ಣುವ ತಟ್ಟೆ ಬಿಟ್ಟು ಆ ಪೆಟ್ಟಿಗೆ ಹಿಡಿದು ಹೊರಟುಬಿಡುತ್ತಿದ್ದಳು. ಎರಡು ಸಲ ಮಗು ಕಳೆದುಕೊಂಡಿದ್ದ ಪಕ್ಕದೂರಿನ ಹೆಣ್ಣುಮಗಳೊಬ್ಬಳು ಮತ್ತೆ ಬಸುರಾದಾಗ, ಮನೆಯವರನ್ನು ಒಪ್ಪಿಸಿ, ಅವಳನ್ನು ರೈಲು ಹತ್ತಿಸಿ ಕಾಟ್ಪಾಡಿಯಲ್ಲಿ ಇಳಿದು ವೆಲ್ಲೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದವಳೂ ಅಜ್ಜಿಯೇ. ಅಲ್ಲಿ ಕಾದು ಕೂತ ದಿನಗಳಲ್ಲಿ ಒಬ್ಬ ಹಳೆಯ ಆಯಾ ತಮಿಳು ತೆಲುಗು ಬೆರೆಸಿ ಹೇಳಿದ ಕಥೆ ಇದು. ಆ ಸಲ ಮಗು ಬದುಕಿತು. ಮಗುವಿನ ಜೊತೆ ಕಥೆಯೂ ಊರಿಗೆ ಬಂತು ಅಂತ ಅಜ್ಜಿ ಹೇಳುತ್ತಿದ್ದಳು.

“ತಿಂಡಿವನಂ ಅಂತ ಊರು. ಅಲ್ಲೊಬ್ಬರು ಅಮೆರಿಕದ ಡಾಕ್ಟ್ರು. ಅವರ ಮಗಳು ಐಡಮ್ಮ. ತಾಯಿಗೆ ಹುಷಾರಿಲ್ಲ ಅಂತ ತಂತಿ ಹೋಗಿತ್ತು, ಅದಕ್ಕೇ ಬಂದಿದ್ಲು. ಇರೋಕೆ ಅಂತ ಬಂದಿರಲಿಲ್ಲ.”

ಈ ಕೊನೆಯ ಮಾತನ್ನು ಅಜ್ಜಿ ಒತ್ತಿ ಹೇಳುತ್ತಿದ್ದಳು. ದೊಡ್ಡವಳಾದ ಮೇಲೆ ನಾನು ಐಡಾ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅಜ್ಜಿ ಅದನ್ನು ಯಾಕೆ ಅಷ್ಟು ಒತ್ತುತ್ತಿದ್ದಳು ಅನ್ನುವುದು ಓದುತ್ತಾ ಓದುತ್ತಾ ಗೊತ್ತಾಯಿತು.

ಐಡಾ ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ರಾಣಿಪೇಟೆಯಲ್ಲಿ. ವೆಲ್ಲೂರಿಗೆ ಹತ್ತಿರದ ಊರು ಅದು. ಅಜ್ಜ ಜಾನ್ ಸ್ಕಡರ್ ನ್ಯೂಯಾರ್ಕಿನಲ್ಲಿ ಚೆನ್ನಾಗಿ ನಡೆಯುತ್ತಿದ್ದ ವೈದ್ಯವೃತ್ತಿ ಬಿಟ್ಟು 1819ರಲ್ಲಿ ಹಡಗು ಹತ್ತಿದವರು, ಮೊದಲು ಸಿಂಹಳಕ್ಕೆ, ಆಮೇಲೆ ಮದರಾಸಿಗೆ. ಅಮೆರಿಕದಿಂದ ಹೊರಟ ಮೊದಲ ವೈದ್ಯ ಮಿಷನರಿ ಅವರೇ. ಅವರ ಮಕ್ಕಳೂ ಅದೇ ದಾರಿ ಹಿಡಿದರು. ಐಡಾ ತಂದೆ, ಇನ್ನೊಬ್ಬ ಜಾನ್ ಸ್ಕಡರ್, ಆರ್ಕಾಟಿನ ಸೀಮೆಯಲ್ಲಿ ಡಾಕ್ಟರು. ಅಣ್ಣಂದಿರ ನಡುವೆ ಐಡಾ ಒಬ್ಬಳೇ ಹೆಣ್ಣುಮಗಳು. ಸ್ಕಡರ್ ಮನೆತನದಲ್ಲಿ ಹುಟ್ಟಿದವರು ಇಂಡಿಯಾಕ್ಕೆ ದುಡಿಯಲು ಬರಬೇಕು ಎನ್ನುವುದು ಹೇಳದೆಯೇ ನಡೆದುಕೊಂಡು ಬಂದ ಮಾತಾಗಿತ್ತು. ಈ ಹುಡುಗಿಗೆ ಅದು ಬೇಡವಾಗಿತ್ತು.

ಬೇಡವಾಗಿದ್ದಕ್ಕೆ ಕಾರಣವೂ ಇತ್ತು. ನಮ್ಮ ಕಡೆಯ ಹಿರಿಯರು ‘ಧಾತು ಈಶ್ವರ’ದ ಬರ ಎಂದು ಕರೆಯುತ್ತಿದ್ದರಲ್ಲ, 1876ರಿಂದ 78ರವರೆಗಿನ ಆ ಮಹಾ ಬರ, ಅದು ಮೈಸೂರು ಸೀಮೆಯನ್ನು ಸುಟ್ಟ ಹಾಗೆಯೇ ಆರ್ಕಾಟನ್ನೂ ಸುಟ್ಟಿತು. ಕೋಲಾರದ ಕಡೆ ಕಣಜ ಬರಿದಾಗಿ ಜನ ಊರು ಬಿಟ್ಟ ದಿನಗಳಲ್ಲೇ ವೆಲ್ಲೂರಿನ ಅಂಗಳದಲ್ಲಿ ಆರು ವರ್ಷದ ಐಡಾ ರೊಟ್ಟಿ ಮುರಿದು ಮಕ್ಕಳ ಬಾಯಿಗಿಡುತ್ತಿದ್ದಳು. ಕೈಯೆತ್ತಿ ತಾವೇ ತಿನ್ನುವಷ್ಟು ತ್ರಾಣ ಆ ಮಕ್ಕಳಲ್ಲಿ ಉಳಿದಿರಲಿಲ್ಲ. ಅಜ್ಜಿಗೆ ಈ ಭಾಗ ಗೊತ್ತಿರಲಿಲ್ಲ. ಗೊತ್ತಿದ್ದರೆ ತಪ್ಪದೆ ಹೇಳುತ್ತಿದ್ದಳು. ಅವಳ ತಾಯಿಯ ಮನೆಯಲ್ಲಿ ಆ ಬರದ ಮಾತು ತಲೆಮಾರುಗಳವರೆಗೆ ನಡೆದಿತ್ತು.

ಬರ ಮುಗಿಯುವ ಹೊತ್ತಿಗೆ ಕುಟುಂಬ ಅಮೆರಿಕಕ್ಕೆ ಹೋಯಿತು, ನೆಬ್ರಾಸ್ಕದ ಬಯಲಿನ ಹೊಲಮನೆಗೆ. ಕೆಲವು ವರ್ಷಗಳ ಮೇಲೆ ತಂದೆ ಇಂಡಿಯಾಕ್ಕೆ ಮರಳಿದರು, ಹಿಂದೆಯೇ ತಾಯಿಯೂ. ಐಡಾಳನ್ನು ಷಿಕಾಗೋದ ನೆಂಟರ ಮನೆಯಲ್ಲಿ ಬಿಟ್ಟರು. ತಾಯಿ ಹೊರಟ ರಾತ್ರಿ ಆ ಹುಡುಗಿ ಅಮ್ಮನ ಕೋಣೆಗೆ ಓಡಿಹೋಗಿ, ಅಮ್ಮ ಮಲಗುತ್ತಿದ್ದ ದಿಂಬಿಗೆ ಮುಖ ಒತ್ತಿ ಅತ್ತಳಂತೆ. ಇಂಡಿಯಾ ಅಂದರೆ ಹಸಿದ ಮಕ್ಕಳು, ಇಂಡಿಯಾ ಅಂದರೆ ಅಮ್ಮನನ್ನು ಕಿತ್ತುಕೊಂಡ ಊರು. ಅವಳ ಮನಸ್ಸಿನಲ್ಲಿ ನೆಲೆ ನಿಂತದ್ದು ಇವೆರಡೇ.

ಆಮೇಲೆ ಮ್ಯಾಸಚೂಸೆಟ್ಸಿನ ನಾರ್ತ್‌ಫೀಲ್ಡ್ ಶಾಲೆ. ಡ್ವೈಟ್ ಮೂಡಿ ಎಂಬ ಪ್ರಸಿದ್ಧ ಉಪದೇಶಕರು ಹೆಣ್ಣುಮಕ್ಕಳಿಗಾಗಿ ತೆರೆದದ್ದು. ಐಡಾ ಅಲ್ಲಿ ತುಂಟಿ, ನಗುಮುಖದವಳು, ಎಲ್ಲರಿಗೂ ಬೇಕಾದವಳು. ಅವಳೂ ಮನೆತನದ ದಾರಿ ಹಿಡಿಯುತ್ತಾಳೆ ಎಂದು ಗೆಳತಿಯರು ಅಂದಾಗೆಲ್ಲ, ಖಂಡಿತ ಇಲ್ಲ ಅನ್ನುತ್ತಿದ್ದಳು. ಅಮೆರಿಕದಲ್ಲೇ ಇದ್ದು, ಚೆಂದದ ಮನೆ ಕಟ್ಟಿಕೊಂಡು ಬದುಕಬೇಕು ಎಂಬುದು ಅವಳ ಆಸೆ. ತಪ್ಪೇನಿದೆ ಅದರಲ್ಲಿ? ದೊಡ್ಡವರ ಬಾಲ್ಯ ಬರೆಯುವವರು ತೊಟ್ಟಿಲಲ್ಲೇ ಅವರ ಕೈಗೆ ದೀಪ ಕೊಟ್ಟುಬಿಡುತ್ತಾರೆ. ಐಡಾ ವಿಷಯದಲ್ಲಿ ಆ ಮಾತು ಹೊಂದುವುದಿಲ್ಲ. 1890ರಲ್ಲಿ ತಾಯಿಯ ಕಾಯಿಲೆಯ ತಂತಿ ಬಂದು ಹಡಗು ಹತ್ತಿದಾಗಲೂ, ಅಮ್ಮ ಸುಧಾರಿಸಿಕೊಂಡ ಕೂಡಲೇ ವಾಪಸ್ಸು ಎಂಬ ಗಟ್ಟಿ ತೀರ್ಮಾನದಿಂದಲೇ ಬಂದಿದ್ದಳು. ಇರಲು ಬಂದಿರಲಿಲ್ಲ.

ಇನ್ನು ಆ ರಾತ್ರಿ. ಇಲ್ಲಿಗೆ ಬಂದಾಗ ಅಜ್ಜಿ ಅಗ್ಗಿಷ್ಟಿಕೆಗೆ ಇನ್ನೆರಡು ತೆಂಗಿನ ಚಿಪ್ಪು ಹಾಕಿ, ಅವು ಹೊತ್ತಿಕೊಳ್ಳುವವರೆಗೆ ಸುಮ್ಮನಿರುತ್ತಿದ್ದಳು. ಚಿಕ್ಕಮ್ಮ ಮಗ್ಗುಲಾಗಿ ಮಲಗಿ ಅವಳನ್ನೇ ನೋಡುತ್ತಿದ್ದಳು.

ಐಡಾ ತನ್ನ ಕೋಣೆಯಲ್ಲಿ ದೀಪದ ಮುಂದೆ ಕೂತಿದ್ದಳು. ಜಗಲಿಯ ಮೇಲೆ ಹೆಜ್ಜೆ ಸಪ್ಪಳವಾಯಿತು. ಬಾಗಿಲು ತೆರೆದರೆ ಒಬ್ಬ ಯುವಕ, ಬ್ರಾಹ್ಮಣ. ಅವನ ಹೆಂಡತಿಗೆ ಹೆರಿಗೆ ಬೇನೆ. ಇನ್ನೂ ಹದಿನಾಲ್ಕರ ಆಸುಪಾಸಿನ ಹುಡುಗಿ. ಕ್ಷೌರಿಕ ಮನೆತನದ ಸೂಲಗಿತ್ತಿಯರು ಮಾಡುವುದನ್ನೆಲ್ಲ ಮಾಡಿ, ಇನ್ನು ನಮ್ಮಿಂದ ಆಗದು ಅಂದಿದ್ದಾರೆ. ನೀವು ಅಮೆರಿಕದಿಂದ ಬಂದವರು, ಬಂದು ನೋಡಿ ಎಂದು ಬೇಡಿಕೊಂಡ. ಐಡಾ, ನನಗೆ ಈ ವಿದ್ಯೆ ಗೊತ್ತಿಲ್ಲ, ಡಾಕ್ಟರು ನಮ್ಮಪ್ಪ, ಅವರು ಬರುತ್ತಾರೆ ಅಂದಳು. ಯುವಕ ಹಿಂದೆ ಸರಿದ. ಪರಗಂಡಸು ತನ್ನ ಮನೆಯೊಳಗೆ ಬಂದು ಹೆಂಡತಿಯನ್ನು ಮುಟ್ಟುವುದು ಆಗದ ಮಾತು. ಅದಕ್ಕಿಂತ ಅವಳು ಸಾಯುವುದೇ ವಾಸಿ ಎಂದುಬಿಟ್ಟ. ಐಡಾ ಅವನನ್ನು ತಂದೆಯ ಬಳಿಗೇ ಕರೆದುಕೊಂಡು ಹೋದಳು. ಇಬ್ಬರೂ ಹೇಳಿ ನೋಡಿದರು. ಅವನು ಒಪ್ಪಲಿಲ್ಲ. ಕತ್ತಲಲ್ಲಿ ಹೊರಟುಹೋದ.

ಅವಳು ಕೋಣೆಗೆ ಬಂದು ಕೂತಿದ್ದಾಳೆ, ಮತ್ತೆ ಹೆಜ್ಜೆ ಸಪ್ಪಳ. ಅವನೇ ಮನಸ್ಸು ಬದಲಿಸಿ ಬಂದಿರಬೇಕೆಂದು ಓಡಿದಳು. ಅಲ್ಲಿ ನಿಂತಿದ್ದವನು ಒಬ್ಬ ಮುಸಲ್ಮಾನ. ಅವನ ಹೆಂಡತಿಯೂ ಹೆರಲಾರದೆ ಸಾಯುತ್ತಿದ್ದಳು. ಐಡಾ ಮತ್ತೆ ತಂದೆಯನ್ನು ಕರೆದಳು. ಮನೆಯ ಗಂಡಸರನ್ನು ಬಿಟ್ಟು ಬೇರೆ ಯಾರೂ ಅವಳ ಮುಖ ಕಂಡವರಿಲ್ಲ, ಕಾಣುವಂತಿಲ್ಲ ಎಂದ ಅವನೂ. ಅವನೂ ಹೋದ. ಆಮೇಲೆ ಮೂರನೆಯವನು, ಮೇಲ್ಜಾತಿಯ ಇನ್ನೊಬ್ಬ ಹಿಂದೂ. ಅದೇ ಬೇನೆ, ಅದೇ ಬೇಡಿಕೆ, ಅದೇ ಉತ್ತರ.

ಚಿಕ್ಕಮ್ಮ ತಡೆಯಲಾರದೆ, “ಅವರಿಗೆಲ್ಲ ಕರುಳೇ ಇರಲಿಲ್ವೇನಮ್ಮ?” ಅಂದಳು.

ಅಜ್ಜಿ ಕೂಡಲೇ ಉತ್ತರ ಕೊಟ್ಟಳು. “ಕರುಳಿಲ್ದೆ ನಡುರಾತ್ರೀಲಿ ಪರದೇಶದೋರ ಬಾಗಿಲು ತಟ್ಟೋಕೆ ಬಂದಿದ್ರಾ? ಎದೆ ಹೊಡ್ಕೊಂಡು ಬಂದಿದ್ರು. ಆದ್ರೆ ಹೆಂಡ್ತಿ ಪ್ರಾಣಕ್ಕಿಂತ ಜನ ಏನಂತಾರೋ ಅನ್ನೋದು ಅವರಿಗೆ ದೊಡ್ಡದಾಗಿತ್ತು. ಬಾಗಿಲವರೆಗೆ ಬಂದೋರು ಹೊಸಿಲು ದಾಟಲಿಲ್ಲ.”

ಈ ಕಥೆಯನ್ನು ಆಮೇಲೆ ನಾನು ಹಲವರ ಬಾಯಲ್ಲಿ ಕೇಳಿದ್ದೇನೆ, ಹಲವು ಪುಸ್ತಕಗಳಲ್ಲಿ ಓದಿದ್ದೇನೆ. ಹೆಚ್ಚಿನವರು ಆ ಮೂವರು ಗಂಡಂದಿರನ್ನು ಕಟುಕರಂತೆ ಚಿತ್ರಿಸುತ್ತಾರೆ. ಸೂಲಗಿತ್ತಿಯರನ್ನು ಏನೂ ತಿಳಿಯದ ಹೆಂಗಸರೆಂದು ತಳ್ಳಿಬಿಡುತ್ತಾರೆ. ಅಜ್ಜಿಯ ತೀರ್ಪೇ ನನಗೆ ಸರಿ ಎನಿಸುತ್ತದೆ. ಅವರು ನೆರವು ಹುಡುಕಿಕೊಂಡು ಬಂದಿದ್ದರು. ಆ ನೆರವು ಕೊಡಬಲ್ಲ ಒಬ್ಬ ಹೆಂಗಸು ಆ ಊರಲ್ಲಿ ಇರಲಿಲ್ಲ. ಕಥೆಯ ಗಂಟು ಇರುವುದು ಅಲ್ಲಿ.

ಸೂಲಗಿತ್ತಿಯರ ಪರವಾಗಿ ಅಜ್ಜಿ ಇನ್ನೂ ಗಟ್ಟಿಯಾಗಿ ವಾದಿಸುತ್ತಿದ್ದಳು. ಎರಡು ಕೈಗಳ ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ ಒಂದು ಬಳೆಯ ಹಾಗೆ ಮಾಡಿ ಚಿಕ್ಕಮ್ಮನಿಗೆ ತೋರಿಸುತ್ತಿದ್ದಳು. “ಇದು ಬೆಳೆದ ಹೆಣ್ಣಿನ ಮೂಳೆ. ಮಗು ತಲೆ ಹೀಗೆ ತಿರುಗಿಕೊಂಡು ಬರ್ತದೆ.” ಆಮೇಲೆ ಬೆರಳುಗಳನ್ನು ಹತ್ತಿರ ತಂದು ಬಳೆಯನ್ನು ಕಿರಿದು ಮಾಡುತ್ತಿದ್ದಳು. “ಇದು ಹದಿನಾಲ್ಕರ ಹುಡುಗೀದು. ಇನ್ನೂ ಬಲಿತಿಲ್ಲ. ತಲೆ ಕೂತ್ಕೊಂಡುಬಿಡ್ತದೆ. ನೋವು ಬರ್ತಾನೇ ಇರ್ತದೆ, ಮಗು ಜರುಗಲ್ಲ. ಆಗ ಹೊಟ್ಟೆ ನೀವಿದ್ರೆ ಏನು ಬಂತು, ಎಣ್ಣೆ ಹಚ್ಚಿದ್ರೆ ಏನು ಬಂತು? ಅಲ್ಲಿ ಕತ್ತರಿ ಹಿಡಿಯೋಳು ಬೇಕು. ನಮ್ಮ ಕೈಗೆ ಆ ವಿದ್ಯೆ ಕೊಟ್ಟೋರು ಯಾರು?”

ಆ ಕಿರಿದಾದ ಬಳೆ ನನಗೆ ಚೆನ್ನಾಗಿ ನೆನಪಿದೆ. ಕೆಂಡದ ಬೆಳಕಿನಲ್ಲಿ ಅವಳ ಬೆರಳುಗಳ ಗೆಣ್ಣು, ಸೋಪು ಉಜ್ಜಿ ಉಜ್ಜಿ ಬಿಳಿಚಿದ ಉಗುರ ಅಂಚು ಕಾಣುತ್ತಿತ್ತು. ಬಾಲ್ಯವಿವಾಹದ ಕೆಡುಕನ್ನು ಆಮೇಲೆ ಪಾಠದಲ್ಲಿ ಓದಿದೆ, ಭಾಷಣಗಳಲ್ಲಿ ಕೇಳಿದೆ. ನನ್ನ ಮನಸ್ಸಿಗೆ ಅದು ನಾಟಿದ್ದು ಆ ಬೆರಳುಗಳಿಂದ.

ಐಡಾ ಆ ರಾತ್ರಿ ನಿದ್ದೆ ಮಾಡಲಿಲ್ಲ. ತಾನೂ ಆ ಮೂವರು ಹುಡುಗಿಯರಿಗಿಂತ ತೀರ ದೊಡ್ಡವಳಲ್ಲ. ಬೆಳಗಾಗುವಾಗ ಊರೊಳಗಿಂದ ತಮಟೆ ಸದ್ದು ಕೇಳಿಸಿತು. ಸಾವಿನ ತಮಟೆ. ಆಳನ್ನು ವಿಚಾರಿಸಲು ಕಳಿಸಿದಳು. ಅವನು ಬಂದು ಹೇಳಿದ: ಮೂವರೂ ಸತ್ತರು. ಅವಳು ಕೋಣೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಯೋಚಿಸಿದಳು. ಆಮೇಲೆ ಅಪ್ಪ ಅಮ್ಮನ ಬಳಿಗೆ ಹೋಗಿ, ಅಮೆರಿಕಕ್ಕೆ ಹೋಗಿ ವೈದ್ಯ ಓದಿ ಈ ಹೆಂಗಸರಿಗಾಗಿ ವಾಪಸ್ಸು ಬರುತ್ತೇನೆ ಅಂದಳು. ಅದು ದೇವರ ಕರೆ ಎಂದು ಐಡಾ ನಂಬಿದ್ದರು, ಜೀವಮಾನವಿಡೀ ಹಾಗೆಯೇ ಹೇಳಿದರು. ಅವರ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಆ ಕರೆ ಬಂದದ್ದು ಮೂರು ಹುಡುಗಿಯರ ಪ್ರಾಣದ ಬೆಲೆಗೆ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಅವರು ಸೇರಿದ್ದು ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ, ಪೆನ್ಸಿಲ್ವೇನಿಯಾದಲ್ಲಿ 1850ರಲ್ಲೇ ಹೆಣ್ಣುಮಕ್ಕಳಿಗೆಂದು ತೆರೆದದ್ದು. ಈ ಕಾಲೇಜಿನ ಹೆಸರು ಕೇಳಿದರೆ ನಮಗೆ ಇನ್ನೊಬ್ಬಳು ನೆನಪಾಗಬೇಕು. ಆನಂದಿಬಾಯಿ ಜೋಶಿ ಓದಿದ್ದೂ ಅಲ್ಲೇ. ಒಂಬತ್ತರ ವಯಸ್ಸಿನಲ್ಲಿ ಮದುವೆಯಾಗಿ, ಹದಿನಾಲ್ಕರಲ್ಲಿ ಹೆತ್ತು, ಹತ್ತು ದಿನದ ಕೂಸನ್ನು ಕಳೆದುಕೊಂಡ ಹುಡುಗಿ. ಅದೇ ಹದಿನಾಲ್ಕು. ನ್ಯೂಜೆರ್ಸಿಯ ರೋಸೆಲ್ ಎಂಬ ಊರಿನ ಥಿಯೋಡಿಶಿಯಾ ಕಾರ್ಪೆಂಟರ್ ಎಂಬ ಗೃಹಿಣಿ, ಅವಳ ವಿಷಯ ಪತ್ರಿಕೆಯೊಂದರಲ್ಲಿ ಓದಿ, ಕಾಗದ ಬರೆದು, ಮನೆಗೆ ಕರೆಸಿಕೊಂಡು ಮಗಳಂತೆ ಇಟ್ಟುಕೊಂಡಳು. ಕಾಲೇಜಿನ ಡೀನ್ ರೇಚಲ್ ಬಾಡ್ಲಿ ಅವಳ ಬೆನ್ನಿಗೆ ನಿಂತರು. ಆನಂದಿಬಾಯಿ 1886ರಲ್ಲಿ ಪದವಿ ಪಡೆದು, ಮರುವರ್ಷ ಫೆಬ್ರುವರಿಯಲ್ಲಿ, ಇಪ್ಪತ್ತೆರಡು ತುಂಬುವ ಮುನ್ನವೇ ಕ್ಷಯದಿಂದ ತೀರಿಕೊಂಡಳು. ಅವಳ ಅಸ್ಥಿಯನ್ನು ಕಾರ್ಪೆಂಟರ್ ಕುಟುಂಬದವರು ತಮ್ಮ ಸಮಾಧಿ ನೆಲದಲ್ಲೇ ಇರಿಸಿದರು. ಅಮೆರಿಕದ ದೊಡ್ಡ ಹೆಂಗಸರ ಪಟ್ಟಿ ಮಾಡುವವರು ಈ ಗೃಹಿಣಿಯ ಹೆಸರನ್ನು ಸೇರಿಸುವುದಿಲ್ಲ. ನಾನಾದರೆ ಸೇರಿಸುತ್ತೇನೆ.

ಆನಂದಿಬಾಯಿ ಬಿಟ್ಟುಹೋದ ಕಾಲೇಜಿನಲ್ಲಿ ಕೆಲವೇ ವರ್ಷಗಳ ಮೇಲೆ ಐಡಾ ಕೂತರು. ಕಡೆಯ ವರ್ಷಕ್ಕೆ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿಗೆ ಹೋದರು. ಆ ಕಾಲೇಜು 1898ರಲ್ಲಿ ತೆರೆದಾಗಲೇ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡಿತು. ಗಂಡಸರ ಜೊತೆ ಸಮನಾಗಿ ಓದಿ ಪದವಿ ಪಡೆದರೆ ಅದರ ತೂಕವೇ ಬೇರೆ ಎಂದು ಐಡಾ ಲೆಕ್ಕ ಹಾಕಿದ್ದರು. 1899ರಲ್ಲಿ ಪದವಿ ಬಂತು. ಎಲಿಜಬೆತ್ ಬ್ಲ್ಯಾಕ್‌ವೆಲ್ ಅಮೆರಿಕದ ಮೊದಲ ವೈದ್ಯ ಪದವೀಧರೆಯಾಗಿ ಆಗ ಸರಿಯಾಗಿ 50 ವರ್ಷ.

ಇಂಡಿಯಾಕ್ಕೆ ಹೊರಡುವ ಮುನ್ನ ಮಿಷನ್ನಿನವರು ಅವರಿಗೊಂದು ಕೆಲಸ ಹಚ್ಚಿದರು. ವೆಲ್ಲೂರಿನಲ್ಲಿ ಹೆಂಗಸರ ಆಸ್ಪತ್ರೆ ಕಟ್ಟಲು 8 ಸಾವಿರ ಡಾಲರ್ ಕೂಡಿಸಬೇಕು. ಐಡಾ ಮನೆ ಮನೆ ಹತ್ತಿ ಇಳಿದರು, ಹಣ ಹುಟ್ಟಲಿಲ್ಲ. ಒಂದು ಸಂಜೆ ಮ್ಯಾನ್‌ಹಟನ್ನಿನಲ್ಲಿ ಮಿಸ್ ಟೇಬರ್ ಎಂಬುವರ ಮನೆಗೆ ಹೋಗಿ ಆ ಮೂರು ಹುಡುಗಿಯರ ಕಥೆ ಹೇಳಿದರು. ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಂಡದ್ದು ಮಿಸ್ ಟೇಬರ್ ಅವರ ಭಾವ, ಷೆಲ್ ಎಂಬ ವಯಸ್ಸಾದ ಬ್ಯಾಂಕರ್. ಮರುದಿನ ಐಡಾರನ್ನು ಕರೆಸಿ, ತೀರಿಕೊಂಡ ತಮ್ಮ ಹೆಂಡತಿಯ ನೆನಪಿಗೆಂದು 10 ಸಾವಿರ ಡಾಲರಿನ ಚೆಕ್ಕು ಬರೆದುಕೊಟ್ಟರು.

ಅಜ್ಜಿಗೆ ಈ ಭಾಗ ಬಹಳ ಇಷ್ಟ. ಡಾಲರು ಅವಳಿಗೆ ಗೊತ್ತಿರಲಿಲ್ಲ. ಅವಳ ಕಥೆಯಲ್ಲಿ ಅದು ಚೀಲದ ತುಂಬ ಬೆಳ್ಳಿ ರೂಪಾಯಿ. “ಸತ್ತ ಹೆಂಡ್ತಿ ಹೆಸರಲ್ಲಿ ಕೊಟ್ಟ ನೋಡು,” ಅನ್ನುತ್ತಿದ್ದಳು. ಹೆಂಡತಿಯನ್ನು ಉಳಿಸಿಕೊಳ್ಳಲಾಗದೆ ಕತ್ತಲಲ್ಲಿ ಹೋದ ಮೂವರು ಗಂಡಂದಿರ ಪಕ್ಕದಲ್ಲಿ ಅವಳು ಈ ನಾಲ್ಕನೆಯವನನ್ನು ನಿಲ್ಲಿಸುತ್ತಿದ್ದಳು.

1900ರ ಹೊಸವರ್ಷದ ಹೊತ್ತಿಗೆ ಐಡಾ ವೆಲ್ಲೂರಿಗೆ ಬಂದರು. ತಂದೆಯ ಕೈಕೆಳಗೆ ಪಳಗಬೇಕು ಎಂದುಕೊಂಡಿದ್ದರು, ಆದರೆ ಆ ವರ್ಷವೇ ತಂದೆ ತೀರಿಕೊಂಡರು. ಬಂಗಲೆಯ ಒಂದು ಸಣ್ಣ ಕೋಣೆಯಲ್ಲಿ ಒಂದೇ ಒಂದು ಮಂಚ ಹಾಕಿ ಕೆಲಸ ಶುರು ಮಾಡಿದರು. ಎರಡು ವರ್ಷದಲ್ಲಿ 5 ಸಾವಿರ ರೋಗಿಗಳು ಬಂದುಹೋದರು. ಹೆಂಗಸರ ಕೈ ಹೆಂಗಸರನ್ನು ಮುಟ್ಟಬಹುದಿತ್ತಲ್ಲ, ಹೊಸಿಲು ಈಗ ಅಡ್ಡ ಬರಲಿಲ್ಲ. 1902ರಲ್ಲಿ ಮೇರಿ ಟೇಬರ್ ಷೆಲ್ ಆಸ್ಪತ್ರೆ ತೆರೆಯಿತು, 40 ಹಾಸಿಗೆಯದು.

ಆಸ್ಪತ್ರೆಗೆ ಬರಲಾರದ ಹಳ್ಳಿಗಳಿಗೆ ಅವರೇ ಹೋದರು. ಮೊದಲು ಎತ್ತಿನ ಗಾಡಿ, 1909ರಿಂದ ಒಂದು ಸಣ್ಣ ಪ್ಯೂಜೋ ಕಾರು. ಗುಡಿಯಾತ್ತಂ ರಸ್ತೆಯಲ್ಲಿ ಕಾರು ಕಂಡ ಜನ ದೆವ್ವ ಬಂತೆಂದು ಹೊಲಕ್ಕೆ ಓಡಿದರಂತೆ. ಗುಡಿಯಾತ್ತಂ ನಮ್ಮ ರೈಲು ದಾರಿಯಲ್ಲೇ ಸಿಗುವ ಸ್ಟೇಷನ್ನು, ಹಾಗಾಗಿ ಇಷ್ಟು ಹೊತ್ತಿಗೆ ನನಗೆ ಕಥೆ ನಮ್ಮ ಮನೆ ಹಿತ್ತಲಲ್ಲೇ ನಡೆಯುತ್ತಿದೆ ಎನಿಸುತ್ತಿತ್ತು. ಮರದ ನೆರಳಿಗೆ ಜನ ಸೇರುವುದು, ಕಣ್ಣಿಗೆ ಔಷಧಿ, ಹುಣ್ಣಿಗೆ ಪಟ್ಟಿ, ಮುಂದಿನ ಮರಕ್ಕೆ ಹೊರಡುವುದು. ವಾರಕ್ಕೊಮ್ಮೆ ತಪ್ಪದೆ ನಡೆದ ಈ ‘ರಸ್ತೆ ಬದಿಯ ದವಾಖಾನೆ’ ಆಮೇಲೆ ವೆಲ್ಲೂರಿನ ಹೆಸರಿನ ಜೊತೆಗೇ ಸೇರಿಹೋಯಿತು.

ಇಷ್ಟಕ್ಕೇ ನಿಂತಿದ್ದರೆ ಐಡಾ ಒಬ್ಬ ಒಳ್ಳೆಯ ಡಾಕ್ಟರಮ್ಮ. ಅಂಥವರು ಇನ್ನೂ ಇದ್ದರು. 1870ರಲ್ಲೇ ಬರೇಲಿಗೆ ಬಂದ ಕ್ಲಾರಾ ಸ್ವೇನ್ ಇದ್ದರು, ಗುಂಟೂರಿನಲ್ಲಿ ಅನ್ನಾ ಕುಗ್ಲರ್ ಇದ್ದರು; ಇಬ್ಬರೂ ಅಮೆರಿಕದ ಹೆಣ್ಣುಮಕ್ಕಳು. ಐಡಾ ಬೇರೆಯಾಗುವುದು ಒಂದು ಲೆಕ್ಕದಿಂದ. ತಾನೊಬ್ಬಳು ಎಷ್ಟು ಬಾಗಿಲಿಗೆ ಹೋಗಬಲ್ಲೆ? ಸಾವಿರಾರು ಊರುಗಳು, ಪ್ರತಿ ಊರಲ್ಲೂ ಆ ರಾತ್ರಿ. ಈ ನೆಲದ ಹೆಣ್ಣುಮಕ್ಕಳೇ ಡಾಕ್ಟರಾಗದೆ ಇದು ಮುಗಿಯುವುದಿಲ್ಲ ಎಂದು ಅವರಿಗೆ ಕಂಡಿತು. 1909ರಲ್ಲಿ ನರ್ಸುಗಳ ಶಾಲೆ ತೆರೆದರು. ಆಮೇಲೆ ವೈದ್ಯಶಾಲೆಯ ಮಾತೆತ್ತಿದರು.

ಮದರಾಸು ಪ್ರಾಂತ್ಯದ ಸರ್ಜನ್ ಜನರಲ್ ಕರ್ನಲ್ ಬ್ರೈಸನ್ ನಕ್ಕರಂತೆ. ಮೂವರು ಹುಡುಗಿಯರು ಅರ್ಜಿ ಹಾಕಿದರೆ ನಿಮ್ಮ ಪುಣ್ಯ ಎನ್ನುವ ಧಾಟಿಯ ಮಾತು. ಪರೀಕ್ಷೆ ಕಷ್ಟ, ಗಂಡುಹುಡುಗರೇ ಐವರಲ್ಲಿ ಒಬ್ಬರು ಪಾಸಾಗುತ್ತಾರೆ ಎಂದೂ ಎಚ್ಚರಿಸಿದರು. ಅರ್ಜಿಗಳು ಎಷ್ಟು ಬಂದವೆಂದರೆ ಬಹಳ ಮಂದಿಯನ್ನು ವಾಪಸ್ಸು ಕಳಿಸಬೇಕಾಯಿತು. 1918ರ ಆಗಸ್ಟ್ 12ರಂದು ಶಾಲೆ ತೆರೆಯಿತು. ಕಟ್ಟಡ ಬಾಡಿಗೆಯದು, ಸಲಕರಣೆ ಕೈಬೆರಳೆಣಿಕೆಯದು, ಪಾಠಕ್ಕೆ ನಿಂತವರಲ್ಲಿ ಐಡಾರೇ ಮುಖ್ಯ. ಮೊದಲ ವರ್ಷದ ಸರ್ಕಾರಿ ಪರೀಕ್ಷೆ ಮದರಾಸಿನಲ್ಲಿ ನಡೆಯಿತು. ಫಲಿತಾಂಶ ಓದುವಾಗ ಗಂಡುಹುಡುಗರಲ್ಲಿ ಪಾಸಾದವರು ಐವರಿಗೊಬ್ಬರ ಲೆಕ್ಕವೇ. ವೆಲ್ಲೂರಿನ ಹುಡುಗಿಯರು ಎಲ್ಲರೂ ಪಾಸು. 1922ರಲ್ಲಿ ಮೊದಲ ತಂಡದ 14 ಮಂದಿ ಓದು ಮುಗಿಸಿ ಹೊರಬಂದರು.

ಅಜ್ಜಿ ಈ ವಿಷಯ ಹೇಳುವಾಗ ದನಿ ಏರಿಸುತ್ತಿದ್ದಳು. “ನಮ್ಮ ಹುಡ್ಗೀರು ಕಣೇ! ಲಂಗ ದಾವಣಿ ಹಾಕೋ ಹುಡ್ಗೀರು!” ನನ್ನ ಜಡೆ ಹಿಡಿದು ಒಮ್ಮೆ ಎಳೆಯುತ್ತಿದ್ದಳು. ಚಿಕ್ಕಮ್ಮ ಪಿ.ಯು.ಸಿ.ಗೆ ಸೇರಿ, ಮದುವೆ ಗೊತ್ತಾಯಿತೆಂದು ಬಿಟ್ಟವಳು. ಅವಳು ಏನೂ ಮಾತಾಡುತ್ತಿರಲಿಲ್ಲ. ಅಜ್ಜಿ ಅದನ್ನು ಕಂಡು, ಮಗುವಿನ ಕಡೆ ಬೆರಳು ತೋರಿಸಿ, “ಇವಳನ್ನ ಓದಿಸು,” ಎಂದಿದ್ದಳು. ಹುಟ್ಟಿದ್ದು ಹೆಣ್ಣು ಎಂದು ಚಿಕ್ಕಮ್ಮನ ಅತ್ತೆಮನೆಯವರು ಆಗ ಇನ್ನೂ ನೋಡಲು ಬಂದಿರಲಿಲ್ಲ.

ಶಾಲೆಗೆ ಹಣ ಬಂದದ್ದೂ ಹೆಂಗಸರಿಂದಲೇ. ಲೂಸಿ ಪೀಬಡಿ ಎಂಬ ಅಮೆರಿಕದ ವಿಧವೆ, ತಾನೂ ಎಳೆಯ ವಯಸ್ಸಿನಲ್ಲಿ ಇಂಡಿಯಾದಲ್ಲಿ ಗಂಡನ ಜೊತೆ ದುಡಿದವಳು, ವೆಲ್ಲೂರಿನದೂ ಸೇರಿದಂತೆ ಏಷ್ಯಾದ ಏಳು ಮಹಿಳಾ ಕಾಲೇಜುಗಳಿಗಾಗಿ ಹಣ ಕೂಡಿಸಲು ನಿಂತಳು. 20 ಲಕ್ಷ ಡಾಲರ್ ಕೂಡಿಸಿದರೆ ಇನ್ನು 10 ಲಕ್ಷ ಕೊಡುತ್ತೇವೆಂದು ರಾಕೆಫೆಲರ್ ಕುಟುಂಬದ ನಿಧಿ ಮಾತು ಕೊಟ್ಟಿತು. ಅಮೆರಿಕದ ಊರೂರಿನ ಚರ್ಚುಗಳ ಹೆಂಗಸರು ಒಂದೊಂದು ಡಾಲರು ಸೇರಿಸಿ ಆ ಮೊತ್ತ ಮುಟ್ಟಿಸಿದರು.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. 1930ರ ದಶಕದ ಕೊನೆಗೆ ಮದರಾಸು ಸರ್ಕಾರ ಡಿಪ್ಲೊಮಾ ಮಟ್ಟದ ವೈದ್ಯ ಶಿಕ್ಷಣ ನಿಲ್ಲಿಸಿ, ಎಂ.ಬಿ.ಬಿ.ಎಸ್. ಪದವಿಯೇ ಆಗಬೇಕೆಂದಿತು. ಹಾಗಾಗದಿದ್ದರೆ ಶಾಲೆ ಮುಚ್ಚಬೇಕು. ಐಡಾಗೆ ಆಗ ಎಪ್ಪತ್ತರ ಹತ್ತಿರ. ಯುದ್ಧದ ನಡುವೆ ಅಮೆರಿಕಕ್ಕೆ ಹೋಗಿ ಊರಿಂದೂರಿಗೆ ತಿರುಗಿ ಹಣ ಕೇಳಿದರು. ಗಂಡುಹುಡುಗರನ್ನೂ ಸೇರಿಸಿಕೊಂಡರೆ ಹೆಚ್ಚಿನ ಮಿಷನ್ನುಗಳು ಕೈ ಜೋಡಿಸುತ್ತವೆ ಎಂದಾಗ, ಹೆಣ್ಣುಮಕ್ಕಳಿಗಾಗಿ ಹಣ ಕೊಟ್ಟಿದ್ದ ಹಳೆಯ ಗೆಳತಿಯರು ಮುನಿದರು. ಅವರ ಮುನಿಸಿಗೂ ಕಾರಣವಿತ್ತು ಅನ್ನುವುದು ನನ್ನ ಅಭಿಪ್ರಾಯ. ಐಡಾ ಕಾಲೇಜು ಉಳಿಯಲಿ ಎಂದು ಒಪ್ಪಿದರು. ಎಂ.ಬಿ.ಬಿ.ಎಸ್. ಬಂತು, ಕಾಲೇಜು ಉಳಿಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದ ಹೊತ್ತಿಗೆ ಅದರ ಚುಕ್ಕಾಣಿ ಹಿಡಿದದ್ದು ಹಿಲ್ಡಾ ಲಾಜರಸ್, ಭಾರತದ ಹೆಣ್ಣುಮಗಳು.

ಐಡಾ ಮದುವೆಯಾಗಲಿಲ್ಲ. ಇಳಿವಯಸ್ಸಿನಲ್ಲೂ ಟೆನಿಸ್ ಆಡುತ್ತಿದ್ದರು. ‘ಡಾ. ಐಡಾ, ಇಂಡಿಯಾ’ ಎಂದಷ್ಟೇ ವಿಳಾಸ ಬರೆದ ಕಾಗದ ನೇರ ಅವರ ಕೈ ಸೇರಿತ್ತಂತೆ. 1960ರ ಮೇ ತಿಂಗಳಲ್ಲಿ ಕೊಡೈಕನಾಲಿನಲ್ಲಿ ತೀರಿಕೊಂಡರು. ವಯಸ್ಸು 89.

ಅಜ್ಜಿ ಬಾಣಂತನ ಮಾಡಿಸಿದ ಮನೆಗಳಲ್ಲೆಲ್ಲ ಈ ಕಥೆ ಹೇಳಿದ್ದಾಳೆ. ಕೇಳಿದವರಲ್ಲಿ ಒಬ್ಬಳು ಒಮ್ಮೆ ಆ ಮೂವರ ಹೆಸರೇನು ಎಂದಳಂತೆ. ಅಜ್ಜಿಗೆ ಗೊತ್ತಿರಲಿಲ್ಲ, ಹೇಳಿದ ಆಯಾಗೂ ಗೊತ್ತಿರಲಿಲ್ಲ. ನಾನು ಓದಿದ ಯಾವ ಪುಸ್ತಕದಲ್ಲೂ ಆ ಹೆಸರುಗಳಿಲ್ಲ. ಬ್ಯಾಂಕರನ ಹೆಂಡತಿಯ ಹೆಸರು ಕಟ್ಟಡದ ಮೇಲಿದೆ, ನಕ್ಕ ಕರ್ನಲ್ಲನ ಹೆಸರೂ ಉಳಿದಿದೆ. ತಮ್ಮ ಸಾವಿನಿಂದ ಒಂದು ವೈದ್ಯಕಾಲೇಜಿಗೆ ಕಾರಣರಾದ ಹುಡುಗಿಯರನ್ನು ಬ್ರಾಹ್ಮಣನ ಹೆಂಡತಿ, ಮುಸಲ್ಮಾನನ ಹೆಂಡತಿ, ಇನ್ನೊಬ್ಬನ ಹೆಂಡತಿ ಎಂದೇ ಇವತ್ತಿಗೂ ಹೇಳಬೇಕಾಗಿದೆ. ಇದು ನನ್ನನ್ನು ಬಹಳ ಕಾಡಿದೆ.

ಚಿಕ್ಕಮ್ಮನ ಆ ಮಗಳು ನರ್ಸಿಂಗ್ ಓದಿ, ಈಗ ನಮ್ಮ ಜಿಲ್ಲೆಯಲ್ಲೇ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುತ್ತಾಳೆ. ಹದಿನೆಂಟು ತುಂಬದ ಬಸುರಿಯರು ಈಗಲೂ ಬರುತ್ತಾರೆ ಎಂದು ಅವಳೇ ಹೇಳಿದಳು. ಮನೆಯವರು ವಯಸ್ಸು ಹೆಚ್ಚಿಸಿ ಬರೆಸುತ್ತಾರಂತೆ.

ಕೋಲಾರ, ಕೆ.ಜಿ.ಎಫ್., ಬಂಗಾರಪೇಟೆ ಕಡೆಯಿಂದ ಇಂದಿಗೂ ಎಷ್ಟೋ ಮಂದಿ ಕಾಟ್ಪಾಡಿಗೆ ಟಿಕೆಟ್ ತೆಗೆದುಕೊಂಡು ವೆಲ್ಲೂರಿಗೆ ಚಿಕಿತ್ಸೆಗೆ ಹೋಗುತ್ತಾರೆ. ಅಂಥವರಲ್ಲಿ ನನ್ನದೊಂದು ಕೋರಿಕೆ. ಬಿಡುವಿದ್ದರೆ ಆರ್ಣಿ ರಸ್ತೆಗೆ ಹೋಗಿ ಬನ್ನಿ. 1902ರ ಆ ಷೆಲ್ ಆಸ್ಪತ್ರೆ ಅಲ್ಲಿ ಈಗ ಕಣ್ಣಿನ ಆಸ್ಪತ್ರೆಯಾಗಿ ನಡೆಯುತ್ತಿದೆ. ಜೊತೆಗೆ ಹೆಣ್ಣುಮಕ್ಕಳಿದ್ದರೆ ಅವರಿಗೆ ಐಡಮ್ಮನ ಕಥೆ ಹೇಳಿ, ಹೇಳುವಾಗ ಆ ಮೂವರಿಂದಲೇ ಶುರು ಮಾಡಿ.